ತಿರುಗಿಸಿ ನೋಡದ ಕ್ಯಾಮೆರಾ

ಬರೆದು ಕೊಡಬೇಕಾಗಿದ್ದದ್ದು ಒಂದೇ ಒಂದು ಸಾಲು. ಬುಧವಾರ ಸರಿಯಾಗಿದ್ದ ಕ್ಯಾಮೆರಾ ಶುಕ್ರವಾರದ ಹೊತ್ತಿಗೆ ಎಲ್ಲೋ ಬಿದ್ದು ಕೆಟ್ಟಿದೆ, ಅಷ್ಟೆ. ಬಾಯಲ್ಲಿ ಶುಕ್ರವಾರವೇ ಹೇಳಿಯಾಗಿತ್ತು. ಅದನ್ನೇ ಕಾಗದಕ್ಕಿಳಿಸಿ, ಕೆಳಗೊಂದು ಸಹಿ ಗೀಚಿ, ಸೋಮವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಸಂಪಾದಕನ ಮೇಜಿನ ಮೇಲಿಟ್ಟರೆ ಅವನ ಪಾಲಿನ ಕೆಲಸ ಮುಗಿಯಿತು. ಇಪ್ಪತ್ತಾರು ವರ್ಷ ಪತ್ರಿಕೆಯೊಂದಕ್ಕೆ ಕ್ಯಾಮೆರಾಗಳ ಗುಣದೋಷ ಬರೆದೇ ಬದುಕಿದವನಿಗೆ ಒಂದು ಸಾಲು ಯಾವ ಮಹಾ? ಆದರೂ ಶನಿವಾರ, ಭಾನುವಾರ ಎರಡು ದಿನವೂ ಆ ಸಾಲು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡಿತ್ತು. ಸೋಮವಾರ ಬೆಳಗ್ಗೆ ಬಸ್ಸಿನ ಕಿಟಕಿಗೆ ಹಣೆ ಆನಿಸಿ ಕೂತಿದ್ದಾಗ, ಬೀದಿದೀಪದ ಕಂಬಗಳು ಹತ್ತಿರ ಬಂದು ನಡುವಲ್ಲಿ ಸಣ್ಣಗೆ ಬಳುಕಿ ಹಿಂದಕ್ಕೆ ಹೋಗುವುದು ಕಂಡಿತು. ಬಸ್ಸಿನ ಗಾಜೇ ಸೊಟ್ಟ ಎಂದುಕೊಂಡ. ಮೊನ್ನೆ ಕಚೇರಿಯ ಬಾಗಿಲ ಚೌಕಟ್ಟು ಸೊಟ್ಟ ಕಂಡಾಗ ಮರ ತೇವ ಕುಡಿದಿದೆ ಎಂದುಕೊಂಡಿದ್ದ. ಅದಕ್ಕೂ ಹಿಂದೆ ದಿನಪತ್ರಿಕೆಯ ತಲೆಬರಹ ನಡುವೆ ತಗ್ಗಿ ಕಂಡಾಗ, ಮುದ್ರಣದವರಿಗೆ ಈಚೆಗೆ ಹೇಳುವವರು ಕೇಳುವವರು ಯಾರೂ ಇಲ್ಲ ಎಂದು ಹೆಂಡತಿಯ ಮುಂದೆ ಬೈದಿದ್ದ. ಒಂದೇ ತಿಂಗಳಲ್ಲಿ ಲೋಕದಲ್ಲಿ ಇಷ್ಟೊಂದು ಸೊಟ್ಟ ಹೆಚ್ಚಿತಲ್ಲ ಎಂದು ಅವನಿಗೆ ಅನ್ನಿಸಲೇ ಇಲ್ಲ. ಸೊಟ್ಟ ಹುಡುಕುವುದೇ ಅವನ ಕಸುಬು. ಕಚೇರಿಯಲ್ಲಿ ಅವನನ್ನು ಹಿಂದಿನಿಂದ, ಕೆಲವರು ಮುಂದೆಯೇ, ಗೆರೆ ಮೇಷ್ಟ್ರು ಎನ್ನುತ್ತಿದ್ದರು. ಕೂದಲೆಳೆಯಷ್ಟು ಬಾಗಿದ ಗೆರೆಯನ್ನೂ ಹಿಡಿದು ದೊಡ್ಡ ದೊಡ್ಡ ಕಂಪನಿಗಳ ಮುಖ ಸಣ್ಣ ಮಾಡಿಸಿದವನು ಎಂಬ ಹೆಸರು ಅದು. ಆ ಹೆಸರು ಅವನಿಗೆ ಇಷ್ಟವಾಗಿತ್ತು. ಇಷ್ಟವಿಲ್ಲದವನಂತೆ ಮುಖ ಮಾಡುವುದೂ ಇಷ್ಟವಾಗಿತ್ತು.

ಈ ಸಲ ಬಂದದ್ದು ಅಂಗೈಯಗಲದ ಡಿಜಿಟಲ್ ಕ್ಯಾಮೆರಾ, ಹಳೆಯ ಕಾಲದ ವೇಷ ಹಾಕಿಕೊಂಡದ್ದು. ಮೈಗೆ ಕರಿ ಚರ್ಮದಂಥ ಹೊದಿಕೆ. ಚರ್ಮವಲ್ಲ, ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ತಲೆಯ ಮೇಲೆ ಬೆಳ್ಳಿ ಬಣ್ಣದ ಎರಡು ತಿರುಗಣಿ, ತಿರುಗಿಸಿದರೆ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ ಟಕ್ ಟಕ್ ಎನ್ನುತ್ತವೆ. ಬಲಗಡೆ ಹೆಬ್ಬೆರಳಿಗೆ ಸಿಗುವಂತೆ ಒಂದು ಪುಟ್ಟ ಸನ್ನೆ, ಅಂದರೆ ಲಿವರ್, ಫಿಲ್ಮಿನ ಕಾಲದಲ್ಲಿ ಒಂದು ಚಿತ್ರ ತೆಗೆದ ಮೇಲೆ ಸುರುಳಿಯನ್ನು ಮುಂದಕ್ಕೆ ಎಳೆಯಲು ಇರುತ್ತಿದ್ದದ್ದು. ಇದರ ಹೊಟ್ಟೆಯಲ್ಲಿ ಸುರುಳಿಯೇ ಇಲ್ಲ, ಆದರೂ ಸನ್ನೆ ಎಳೆಯದಿದ್ದರೆ ಮುಂದಿನ ಚಿತ್ರ ತೆಗೆಯಲು ಒಪ್ಪುವುದಿಲ್ಲ. ಇನ್ನೊಂದು ಚೇಷ್ಟೆಯೆಂದರೆ, ತಿರುಗಣಿಯನ್ನು ‘ರೋಲ್’ ಎಂಬಲ್ಲಿಗೆ ತಂದಿಟ್ಟರೆ ಇಪ್ಪತ್ತನಾಲ್ಕು ಚಿತ್ರ ತೆಗೆದು ಮುಗಿಸುವ ತನಕ ಒಂದನ್ನೂ ತೋರಿಸುವುದಿಲ್ಲ. ಮೇಲಿನ ಮೂಲೆಯಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್. ಅವನು ತನ್ನ ಬರಹಗಳಲ್ಲಿ ಅದನ್ನು ಕಿಂಡಿ ಎನ್ನುತ್ತಿದ್ದ. ಆ ಕಿಂಡಿಯೊಳಗೆ ಬರೀ ಗಾಜು, ಪರದೆ ಗಿರದೆ ಏನೂ ಇಲ್ಲ. ಬುಧವಾರ ಅದನ್ನು ಜೇಬಲ್ಲಿಟ್ಟುಕೊಂಡು ಬೀದಿಯಲ್ಲಿ ಓಡಾಡಿದವನು, ತಾತನ ಕೋಟು ತೊಟ್ಟು ಕನ್ನಡಿ ಮುಂದೆ ನಿಂತ ಮೊಮ್ಮಗನಂತಿದೆ ಈ ಕ್ಯಾಮೆರಾ, ಎಂದು ಒಂದು ವಾಕ್ಯ ಹೊಳೆಸಿಕೊಂಡು ತನ್ನಷ್ಟಕ್ಕೆ ನಕ್ಕಿದ್ದ. ಆದರೆ ಸನ್ನೆ ಎಳೆದಾಗಲೆಲ್ಲ ಅವನ ಹೆಬ್ಬೆರಳಿಗೆ, ಅವನನ್ನು ಒಂದು ಮಾತೂ ಕೇಳದೆ, ಖುಷಿಯಾಗಿಬಿಡುತ್ತಿತ್ತು. ಅದನ್ನು ಬರೆಯುವುದೋ ಬಿಡುವುದೋ ಎಂಬುದೇ ಆಗ ಅವನಿಗಿದ್ದ ದೊಡ್ಡ ಸಮಸ್ಯೆ.

ಪರೀಕ್ಷೆಗೆ ಬಂದ ಸಾಮಾನೆಲ್ಲ ಬೀಗದಕ್ಕನ ವಶ. ಸ್ಟೋರಿನ ಕಪಾಟುಗಳ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹನ್ನೊಂದು ವರ್ಷದಿಂದ ಆ ಕಟ್ಟಡದಲ್ಲಿ ಝಣ್ ಎನ್ನುತ್ತ ಓಡಾಡುವ ಹೆಂಗಸು. ಅವಳಿಗಿಂತ ಹಿರಿಯರೂ ಅವಳನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ಒಂದೊಂದು ಕ್ಯಾಮೆರಾವನ್ನೂ ಹಳದಿ ಫ್ಲಾನೆಲ್ ಬಟ್ಟೆಯಲ್ಲಿ, ಆಗತಾನೆ ಸ್ನಾನ ಮಾಡಿಸಿದ ಕೂಸನ್ನು ಸುತ್ತುವ ಹಾಗೆ ಸುತ್ತಿಡುತ್ತಿದ್ದಳು. ಹೊರಗೆ ಹೋಗುವಾಗ ಒಂದು ಸಹಿ, ಒಳಗೆ ಬಂದಾಗ ಒಂದು ಸಹಿ. ಸಂಪಾದಕನಿಗೂ ಅದರಲ್ಲಿ ವಿನಾಯಿತಿ ಇರಲಿಲ್ಲ. ಗುರುವಾರ ಸಂಜೆ ಅವನು ಆ ಪುಟಾಣಿ ಕ್ಯಾಮೆರಾವನ್ನು ಅವಳಿಗೆ ಒಪ್ಪಿಸಿ, ಶುಕ್ರವಾರ ಬೆಳಗ್ಗೆ ಬಿಡಿಸಿಕೊಂಡು ಬಂದು, ಪರೀಕ್ಷೆಯ ಕೋಣೆಯ ಗೋಡೆಗೆ ಬಡಿದ ಗೆರೆಹಲಗೆಯ ಎದುರು ನಿಲ್ಲಿಸಿ ಕಿಂಡಿಗೆ ಬಲಗಣ್ಣು ಇಟ್ಟಿದ್ದ. ಬಿಳಿಯ ಮೇಲೆ ಕರಿ ಗೆರೆಗಳ ಚೌಕುಳಿ. ನಡುವಿನಿಂದ ಒಂದಿಷ್ಟು ಬಲಕ್ಕೆ, ನೆಟ್ಟಗೆ ನಿಂತಿರಬೇಕಾದ ಎರಡು ಗೆರೆಗಳು ಒಂದರ ಕಿವಿಯಲ್ಲೊಂದು ಗುಟ್ಟು ಹೇಳಲು ವಾಲಿದಂತೆ ವಾಲಿದ್ದವು. ತಿರುಗಣಿಯನ್ನು ‘ರೋಲ್’ನಿಂದ ಸರಿಸಿ ಒಂದು ಚಿತ್ರ ತೆಗೆದು, ಕಂಪ್ಯೂಟರಿಗೆ ಹಾಕಿ ಅಳೆದರೆ ಗೆರೆಗಳು ಸರಿಯಾಗಿವೆ. ಹಾಗಾದರೆ ಲೆನ್ಸಿನ ತಪ್ಪಲ್ಲ, ಕಿಂಡಿಯ ಗಾಜು ಒಳಗೆ ಜರುಗಿದೆ, ಗಾಜು ಜರುಗಬೇಕಾದರೆ ಕ್ಯಾಮೆರಾ ಬಿದ್ದಿರಬೇಕು. ತರ್ಕ ಸಲೀಸಾಗಿ ಹರಿದು ಬಂದಿತ್ತು. ಸಂಪಾದಕ ಬಂದು ಮೇಜಿನ ಅಂಚಿಗೆ ಒರಗಿ, “ಬುಧವಾರಾನೂ ಹೀಗೇ ಇತ್ತಾ ಸರ್?” ಎಂದು ಕೇಳಿದಾಗ ಅವನು ಕಡ್ಡಿ ಮುರಿದಂತೆ, “ಇಲ್ಲ. ಬುಧವಾರ ನೆಟ್ಟಗಿತ್ತು” ಎಂದಿದ್ದ.

ಬುಧವಾರ ಅವನು ಕಿಂಡಿಯಲ್ಲಿ ಯಾವ ಗೆರೆಯನ್ನೂ ಲಕ್ಷ್ಯಕೊಟ್ಟು ನೋಡಿಯೇ ಇರಲಿಲ್ಲ. ಹಣ್ಣಿನಂಗಡಿ, ಮರದ ನೆರಳು, ಮುಖಗಳು, ಇಷ್ಟೇ. ಆದರೂ ‘ನೆಟ್ಟಗಿತ್ತು’ ಎಂಬ ಮಾತು ಬಾಯಿಂದ ಬಂದಿತ್ತು, ಬಂದ ಮೇಲೆ ನಿಜದ ಹಾಗೇ ಕೇಳಿಸಿತ್ತು. “ಮೈಮೇಲೆ ಒಂದು ಗೀರೂ ಇಲ್ವಲ್ಲ ಸರ್,” ಎಂದು ಸಂಪಾದಕ ಕ್ಯಾಮೆರಾವನ್ನು ಆಚೀಚೆ ತಿರುಗಿಸಿದ್ದ. “ಮೆತ್ತಗಿನ ನೆಲಕ್ಕೆ ಬಿದ್ರೆ ಹೊರಗೆ ಏನೂ ಆಗಲ್ಲ. ಒಳಗೆ ಆಗುತ್ತೆ. ಬೇಕಾದ್ರೆ ನೀವೇ ಕಿಂಡೀಲಿ ನೋಡಿ” ಎಂದ ಇವನು. “ನೀವು ನೋಡಿದ ಮೇಲೆ ನಾನು ನೋಡೋದೇನಿದೆ ಸರ್?” ಎಂದು ಸಂಪಾದಕ ನೋಡದೆಯೇ ಕೆಳಗಿಟ್ಟುಬಿಟ್ಟ. ಬಾಗಿಲಲ್ಲಿ ನಿಂತಿದ್ದ ಬೀಗದಕ್ಕ, “ನನ್ನ ಕೈಯಿಂದ ಬಿದ್ದಿಲ್ಲ ಸಾರ್” ಎಂದಳು. ಮತ್ತೆ ಅದನ್ನೇ ಸ್ವಲ್ಪ ಸಣ್ಣ ದನಿಯಲ್ಲಿ ಅಂದಳು. ಹೋದ ವರ್ಷ ಒಂದು ಲೆನ್ಸಿನ ಮುಚ್ಚಳ ಕಳೆದುಹೋದಾಗ ಅವಳಿಗೆ ಒಂದು ಎಚ್ಚರಿಕೆ ಪತ್ರ ಹೋಗಿತ್ತು. ಎರಡನೆಯದು ಬಂದರೆ ಮನೆಗೆ ಹೋಗಬೇಕು, ಅದು ಆ ಕಚೇರಿಯ ನಿಯಮ. ಬಂದ ಕ್ಯಾಮೆರಾ ಒಂದೇ, ಕಂಪನಿಯವರಿಗೆ ಉತ್ತರ ಹೇಳಬೇಕು, ಸೋಮವಾರ ಮೂರು ಗಂಟೆಗೆ ಇತ್ಯರ್ಥ ಮಾಡೋಣ, ನೀವು ಬರೆದು ಕೊಡಿ ಸರ್, ಎಂದು ಸಂಪಾದಕ ಎದ್ದಿದ್ದ. ಅವಳು ಕ್ಯಾಮೆರಾವನ್ನು ಎಂದಿನಂತೆ ಹಳದಿ ಬಟ್ಟೆಯಲ್ಲಿ ಸುತ್ತಿದಳು. ಆವತ್ತು ಮಾತ್ರ ಎರಡು ಸಲ ಬಿಚ್ಚಿ, ಮೂರನೇ ಸಲ ಸುತ್ತಿದಳು.

ಬಸ್ಸು ನಿಂತಿತು. ಇಳಿಯುವಾಗ ಕೊನೆಯ ಮೆಟ್ಟಿಲ ಅಂಚು ಎಲ್ಲಿದೆ ಎಂದು ಒಂದು ಕ್ಷಣ ತಿಳಿಯದೆ ಕಾಲನ್ನು ಗಾಳಿಯಲ್ಲಿ ಇಳಿಬಿಟ್ಟು ತಡಕಾಡಿದ. ಹಿಂದಿದ್ದವನು “ಬೇಗ ಇಳೀರಿ ಯಜಮಾನ್ರೇ” ಎಂದ. ಯಜಮಾನ್ರೇ! ಐವತ್ತಾರಕ್ಕೇ? ಕಿವಿ ಬಿಸಿಯಾಯಿತು, ಆ ಬಿಸಿಯ ಜೊತೆಗೇ ಗುರುವಾರದ ಟೀ ನೆನಪಾಯಿತು. ಎಷ್ಟು ತಳ್ಳಿದರೂ ಆ ಟೀ ಹೀಗೆ ಬಂದುಬಿಡುತ್ತಿತ್ತು. ಗುರುವಾರ ಸಂಜೆ ಕ್ಯಾಮೆರಾ ಒಪ್ಪಿಸಿಕೊಳ್ಳಲು ಬೀಗದಕ್ಕ ಕೋಣೆಗೆ ಬಂದು ನಿಂತಿದ್ದಾಗ ಅವನು ಮೂಲೆಯ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದ. ಸುರಿಯುವ ಸದ್ದು ಬೇರೆಯಾಗಿ ಕೇಳಿಸಿತು, ಏನೆಂದು ಬಗ್ಗಿ ನೋಡುವಷ್ಟರಲ್ಲಿ ಬಿಸಿ ಟೀ ಮೇಜಿನುದ್ದಕ್ಕೂ ಹರಿದು ಅವನ ಕಾಗದಗಳ ಕೆಳಗೆ ನುಗ್ಗಿತ್ತು. “ಸಾರ್, ಕಪ್ಪು ಈ ಕಡೆ ಇದೆ,” ಎಂದು ಅವಳು ಒಂದು ಬೆರಳಿನಿಂದ ಕಪ್ಪನ್ನು ಸರಿಸಿ ಫ್ಲಾಸ್ಕಿನ ಬಾಯಡಿಗೆ ತಂದಿಟ್ಟಳು. ಮಗುವಿಗೆ ಹೇಳುವ ದನಿ. ಆಮೇಲೆ ಹಳದಿ ಬಟ್ಟೆಯಿಂದ ಮೇಜು ಒರೆಸಿ, ಬಟ್ಟೆ ಹಿಂಡಿಕೊಂಡು, ಏನೂ ಆಗದವಳಂತೆ ರಿಜಿಸ್ಟರು ಮುಂದಿಟ್ಟಳು. ನಕ್ಕಿದ್ದರೆ ಅವನೂ ನಗಬಹುದಿತ್ತು. ಯಾರಿಗಾದರೂ ಹೇಳಿ ಆಡಿಕೊಂಡಿದ್ದರೆ ರೇಗಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಕಂಡದ್ದನ್ನು ಕಂಡೂ ಸುಮ್ಮನಿದ್ದಳು. ಅದನ್ನೇ ಅವನಿಂದ ಕ್ಷಮಿಸಲಾಗಲಿಲ್ಲ. ಮರುದಿನ ಬೆಳಗ್ಗೆಯಿಂದ ಕಾರಿಡಾರಿನಲ್ಲಿ ಕೀಲಿಗೊಂಚಲಿನ ಝಣ್ ಕೇಳಿದರೆ ಸಾಕು, ತನ್ನ ಬಗ್ಗೆ ಯಾರೋ ಮಾತಾಡಿಕೊಂಡು ಬರುತ್ತಿರುವಂತೆ ಅವನ ಬೆನ್ನು ಸೆಟೆದುಕೊಳ್ಳುತ್ತಿತ್ತು.

ಕಚೇರಿಯ ಮೆಟ್ಟಿಲಲ್ಲಿ ಕಟಾಂಜನ ಹಿಡಿದೇ ಹತ್ತಿದ. ಸ್ಟೋರಿನ ಕಿಟಕಿಯಲ್ಲಿ ಬೀಗದಕ್ಕ ರಿಜಿಸ್ಟರು ತಿರುಗಿಸಿ ಹಿಡಿದಳು, ಅವನು ಸಹಿ ಮಾಡಿ ಕ್ಯಾಮೆರಾ ತೆಗೆದುಕೊಂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳ ಕಣ್ಣು ಊದಿಕೊಂಡಿತ್ತೇನೋ, ಅವನು ಖಚಿತವಾಗಿ ಹೇಳಲಾರ, ಯಾಕೆಂದರೆ ಈಚೆಗೆ ಎದುರಿಗಿದ್ದವರ ಮುಖ ದಿಟ್ಟಿಸುವುದನ್ನೇ ಬಿಟ್ಟಿದ್ದ. ಹೆಂಡತಿಯ ಮುಖವನ್ನೂ. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ಅಕ್ಕಪಕ್ಕದವರ ಬಟ್ಟೆ ಚಿಕ್ಕದು ದೊಡ್ಡದು ಮಾಡಿಕೊಡುತ್ತಾಳೆ. ಮೂವತ್ತು ವರ್ಷದಿಂದ ಅವಳ ಹೊಲಿಗೆಯ ಯಂತ್ರದ ಸದ್ದಿಗೆ ನಿದ್ದೆ ಹೋಗುವ ಅಭ್ಯಾಸ ಅವನದು. ಎರಡು ವಾರದ ಕೆಳಗೆ ಮುಂದಿನ ಕೋಣೆಗೆ ಹೊಸ ಪರದೆ ಹೊಲಿದು ತೂಗುಹಾಕಿದಾಗ ಅವನು ಕುರ್ಚಿಯಲ್ಲಿ ಕೂತೇ, “ಅಂಚು ಸೊಟ್ಟ ಹೊಲಿದಿದ್ದೀಯ” ಎಂದ. ಅವಳು ಬಿಚ್ಚಿ ಮತ್ತೆ ಹೊಲಿದಳು. ಮತ್ತೂ ಸೊಟ್ಟ ಎಂದ. ಅವಳು ಟೇಪು ತಂದು, ಮಂಡಿಯೂರಿ, ಇಡೀ ಅಂಚನ್ನು ಅಳೆದು, ಬಾಯಲ್ಲಿದ್ದ ಪಿನ್ನುಗಳನ್ನು ತೆಗೆದು, “ನನ್ನ ಟೇಪು ನೆಟ್ಟಗಿದೆ ಅನ್ನುತ್ತೆ ರೀ. ನೀವು ಸೊಟ್ಟ ಅಂತೀರಿ. ಬಿಚ್ಚಲಾ?” ಎಂದು ಕೇಳಿದಳು. ಬಿಚ್ಚು ಎಂದ. “ಆಯ್ತು, ನೀವು ಹೇಳಿದ ಮೇಲೆ ಇನ್ನೇನು,” ಎಂದು ಬಿಚ್ಚುತ್ತ, ತಲೆಯೆತ್ತದೆ, “ಒಂದು ಸಲ ಕಣ್ಣು ತೋರಿಸ್ಕೊಂಡು ಬನ್ನಿ” ಎಂದಳು. ನನಗೆ ಕಣ್ಣಿನ ಪಾಠ ಹೇಳಬೇಡ ಎಂದು ಅವನು ಪತ್ರಿಕೆ ಕೊಡವಿಕೊಂಡು ಎದ್ದುಹೋಗಿದ್ದ.

ಪರೀಕ್ಷೆಯ ಕೋಣೆಗೆ ಕಿಟಕಿಯಿಲ್ಲ. ಎರಡು ದೀಪ, ಒಂದು ಸ್ಟ್ಯಾಂಡು, ಗೋಡೆಯಲ್ಲಿ ಗೆರೆಹಲಗೆ. ಮೇಜಿನ ಮೇಲೆ ವರದಿಯ ಅಚ್ಚು ಹಾಕಿಸಿದ ಹಾಳೆ. ಆ ಹಾಳೆಯನ್ನು ಇಪ್ಪತ್ತು ವರ್ಷದ ಹಿಂದೆ ಅವನೇ ತಯಾರು ಮಾಡಿದ್ದು, ಅದರ ಒಂದೊಂದು ಅಂಕಣವೂ ಅವನ ಮಿದುಳಿನಿಂದ ಬಂದದ್ದು. ಕೈಹಿಡಿತ, ಗುಂಡಿಗಳು, ಬಣ್ಣ, ಕತ್ತಲಲ್ಲಿ ನಡತೆ. ಬರೆಯುತ್ತ ಹೋದಂತೆ ಕೈ ಹಗುರವಾಯಿತು. ಸನ್ನೆ ಎಳೆಯುವ ಸುಖದ ಬಗ್ಗೆಯೂ ಒಂದು ವಾಕ್ಯ ಸೇರಿಸಿದ, ಧಾರಾಳಿಯಂತೆ. ಆಮೇಲೆ ಬಂತು ಏಳನೆಯ ಅಂಕಣ. ‘ಗೆರೆ ದೋಷ ಕಂಡಿದೆಯೇ? ಕಂಡಿದ್ದರೆ ತಿರುಗಿಸಿ ನೋಡಿದೆಯೇ?’ ಮುಂದೆ ಒಂದು ಖಾಲಿ ಚೌಕ. ಇದು ಅವನು ಹುಟ್ಟುಹಾಕಿದ ಕ್ರಮ, ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ಹೇಳಿಕೊಡುತ್ತಿದ್ದದ್ದು. ಗೆರೆ ಸೊಟ್ಟ ಕಂಡರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೆ ನೋಡಬೇಕು. ಸೊಟ್ಟ ಬಲದಿಂದ ಎಡಕ್ಕೆ ಹಾರಿದರೆ ತಪ್ಪು ಕ್ಯಾಮೆರಾದ್ದು. ಇದ್ದಲ್ಲೇ ಇದ್ದರೆ ಕ್ಯಾಮೆರಾದ್ದಲ್ಲ, ಹಲಗೆಯದ್ದು. ಆಗ ಹಲಗೆಯನ್ನು ತಿರುಗಿಸಬೇಕು. ಯಾರ ಮೇಲೂ ಸುಮ್ಮನೆ ತಪ್ಪು ಹೊರಿಸಬಾರದು ಕಣ್ರಪ್ಪ, ಎಂದು ಈ ಕೊನೆಯ ಮಾತನ್ನು ಅವನು ಯಾವಾಗಲೂ ಸ್ವಲ್ಪ ಗತ್ತಿನಿಂದ ಹೇಳುತ್ತಿದ್ದ. ಶುಕ್ರವಾರ ತಿರುಗಿಸಿ ನೋಡಿರಲಿಲ್ಲ. ಮರೆತಿದ್ದನೆ? ಮರೆಯುವಂಥ ಕ್ರಮವಲ್ಲ ಅದು, ಅವನ ಕೈಗಳು ತಾವಾಗಿಯೇ ಮಾಡುವಂಥದ್ದು. ಚೌಕದಲ್ಲಿ ಒಂದು ಗುರುತು ಹಾಕಿದರೆ ಆಯಿತು, ಯಾರು ಬಂದು ಕೇಳುತ್ತಾರೆ? ಲೇಖನಿಯ ಮೊನೆ ಚೌಕದ ಮೇಲೆ ನಿಂತಿತು, ಕೆಳಗಿಳಿಯಲಿಲ್ಲ. ಅವನು ಅದನ್ನು ಕೆಳಗಿಟ್ಟು, ಯಾರದೋ ಮೇಲೆ ಸಿಟ್ಟಾದವನಂತೆ ಕುರ್ಚಿ ಹಿಂದಕ್ಕೆ ದೂಡಿ ಎದ್ದ.

ಕಿಂಡಿಗೆ ಬಲಗಣ್ಣು. ನಡುವಿನಿಂದ ಬಲಕ್ಕೆ ಅದೇ ಎರಡು ಗೆರೆ, ಅದೇ ಗುಟ್ಟು. ಶುಕ್ರವಾರಕ್ಕಿಂತ ಒಂದಿಷ್ಟು ಹತ್ತಿರವೇ ಬಂದಿದ್ದವು. ಕ್ಯಾಮೆರಾವನ್ನು ಬಿಚ್ಚಿ, ತಲೆಕೆಳಗು ಮಾಡಿ ಹಿಡಿದು, ಮತ್ತೆ ಕಣ್ಣಿಟ್ಟ. ಎಡಕ್ಕೆ ಬಾ, ಎಂದು ಮನಸ್ಸಿನಲ್ಲೇ ಅಂದುಕೊಂಡ. ಗೆರೆಗಳು ಬಲಗಡೆಯೇ ವಾಲಿ ನಿಂತಿದ್ದವು. ಹಾಗಾದರೆ ಹಲಗೆ. ಅವನು ಸ್ಟೂಲು ಹತ್ತಿ, ಮೊಳೆ ಸಡಿಲಿಸಿ, ಅಷ್ಟು ದೊಡ್ಡ ಹಲಗೆಯನ್ನು ಎದೆಗವಚಿಕೊಂಡು ಇಳಿಸಿ, ಅಡ್ಡ ತಿರುಗಿಸಿ ಗೋಡೆಗೆ ಒರಗಿಸಿದ. ಬೆವರು ಕತ್ತಿನಿಂದ ಅಂಗಿಯೊಳಗೆ ಇಳಿಯುತ್ತಿತ್ತು. ನೋಡಿದ. ಈಗ ಬೇರೆ ಗೆರೆಗಳು ಅದೇ ಜಾಗದಲ್ಲಿ ವಾಲಿದ್ದವು. ದೃಷ್ಟಿಯನ್ನು ಮೇಲಿನ ಮೂಲೆಗೆ ಒಯ್ದ; ಸೊಟ್ಟವೂ ಹಿಂದೆಯೇ ಬಂತು. ಕೆಳಕ್ಕೆ ತಂದ, ಸಾಕಿದ ನಾಯಿಯ ಹಾಗೆ ಕೆಳಕ್ಕೂ ಬಂತು. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಬರಿಗೈಯಲ್ಲಿ ಹಲಗೆಯ ಮುಂದೆ ನಿಂತು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣೊಂದರಲ್ಲೇ ನೋಡಿದ. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ. ಎಡಗಣ್ಣಿಗೆ ಪ್ರತಿಯೊಂದು ಗೆರೆಯೂ ನೆಟ್ಟಗೆ, ಶಾಲೆಯ ಮಕ್ಕಳ ಸಾಲಿನಂತೆ ಶಿಸ್ತಾಗಿ ನಿಂತಿತ್ತು. ಇಪ್ಪತ್ತು ವರ್ಷದಿಂದ ಅವನು ಎರಡೇ ಕಡೆ ಅನುಮಾನ ಪಟ್ಟಿದ್ದ, ಕ್ಯಾಮೆರಾ ಇಲ್ಲವೆ ಹಲಗೆ. ನೋಡುವವನನ್ನು ತಿರುಗಿಸಿ ನೋಡಲು ಹಾಳೆಯಲ್ಲಿ ಅಂಕಣವೇ ಇರಲಿಲ್ಲ.

ಸ್ಟೂಲಿನ ಮೇಲೆ ಕೂತ. ಹೆದರಿಕೆಯಾಯಿತು, ಬಚ್ಚಲಲ್ಲಿ ಜಾರಿ ಬೀಳುವ ಮುಂಚಿನ ಕ್ಷಣದಂಥ ಹೆದರಿಕೆ. ಹೇಳಿದರೆ ಏನಾಗುತ್ತದೆ ಎಂಬುದು ಅವನಿಗೆ ಬಿಡಿಬಿಡಿಯಾಗಿ ಕಂಡಿತು. ಗೆರೆ ಮೇಷ್ಟ್ರ ಕಣ್ಣು ಹೋಗಿದೆಯಂತೆ. ಹೋದ ತಿಂಗಳ ವರದಿ? ಅದರ ಹಿಂದಿನದ್ದು? ಯಾವಾಗಿನಿಂದ ಹೋಗಿತ್ತಂತೆ? ಕಣ್ಣಿಲ್ಲದ ಪರೀಕ್ಷಕನನ್ನು ಯಾವ ಪತ್ರಿಕೆ ಇಟ್ಟುಕೊಳ್ಳುತ್ತದೆ? ಇಪ್ಪತ್ತಾರು ವರ್ಷ ಇವತ್ತಿಗೆ ಮುಗಿಯಿತು. ಹೇಳದಿದ್ದರೆ ಬೀಗದಕ್ಕ ಇವತ್ತಿಗೆ ಮುಗಿದಳು. ಇಬ್ಬರಲ್ಲಿ ಒಬ್ಬರು. ಇಷ್ಟು ಸರಳವಾಗಿರುತ್ತದೆಂದು ಅವನು ಯೋಚಿಸಿರಲಿಲ್ಲ. ಮಾಡಲು ಏನೂ ತೋಚದೆ ಕ್ಯಾಮೆರಾ ಎತ್ತಿಕೊಂಡಾಗ ‘ರೋಲ್’ ಇನ್ನೂ ಮುಗಿಯದಿರುವುದು ನೆನಪಾಯಿತು. ಬುಧವಾರ ಇಪ್ಪತ್ತಮೂರು ತೆಗೆದು ಬಿಟ್ಟಿದ್ದ. ತಿರುಗಣಿಯನ್ನು ಮತ್ತೆ ಅಲ್ಲಿಗೆ ತಂದ, ಹೆಬ್ಬೆರಳು ಸನ್ನೆ ಎಳೆಯಿತು. ಗೋಡೆಗೋ ನೆಲಕ್ಕೋ ಹಿಡಿದು ಗುಂಡಿ ಒತ್ತಿದ. ಕ್ಯಾಮೆರಾ ಸಣ್ಣಗೆ ಗುರ್ ಎಂದು, ಕೊನೆಗೂ ಬಾಯಿಬಿಡಲು ಒಪ್ಪಿದ ಹಾಗೆ ಚಿತ್ರಗಳನ್ನು ಒಂದೊಂದಾಗಿ ಪರದೆಗೆ ತಂದಿತು. ಹಣ್ಣಿನಂಗಡಿ, ನೆರಳು. ಹದಿನಾರನೆಯದು ಬುಧವಾರ ಸಂಜೆ ಮನೆಯಲ್ಲಿ ತೆಗೆದದ್ದು, ಅದರಲ್ಲಿ ಹೆಂಡತಿ ಹೊಲಿದ ಪರದೆ ಇತ್ತು, ಪಕ್ಕದಲ್ಲಿ ಅವಳು. ಅವನು ಮೇಜಿನ ಡ್ರಾಯರಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಚಿತ್ರದಲ್ಲಿದ್ದ ಆ ಬಟ್ಟೆಯ ಅಂಚಿನ ಮೇಲಿಟ್ಟ. ಅಂಚು ಪಟ್ಟಿಗೆ ಅಂಟಿಕೊಂಡಂತೆ ನೆಟ್ಟಗಿತ್ತು. ಎರಡು ಸಲ ಬಿಚ್ಚಿಸಿದ್ದ. ಅವಳು ಚಿತ್ರದಲ್ಲಿ ಲೆನ್ಸಿನ ಕಡೆ ನೋಡುತ್ತಿರಲಿಲ್ಲ, ಸ್ವಲ್ಪ ಮೇಲೆ, ಕಿಂಡಿಗೆ ಒತ್ತಿದ್ದ ಅವನ ಕಣ್ಣನ್ನೇ ನೋಡುತ್ತಿದ್ದಳು, ಜ್ವರದ ಮಗುವನ್ನು ನೋಡುವ ತಾಯಿಯ ಮುಖ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಚ್ಚಿ ಹೊಲಿದಿದ್ದಳು. ಅವನಿಗೆ ಅಳು ಬಂತು, ಬಂದದ್ದನ್ನು ಯಾರೂ ಇಲ್ಲದ ಕೋಣೆಯಲ್ಲೂ ಕೆಮ್ಮಿ ಮುಚ್ಚಿಕೊಂಡ.

ಮೂರಕ್ಕೆ ಐದು ನಿಮಿಷ ಇರುವಾಗ ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ಸಂಪಾದಕನ ಕೋಣೆಗೆ ಹೋದ. ಏಳನೆಯ ಅಂಕಣ ಖಾಲಿಯೇ ಇತ್ತು. ಏನು ಹೇಳುವುದೆಂದು ಕಾರಿಡಾರಿನುದ್ದಕ್ಕೂ ಗುನುಗಿಕೊಂಡು ಬಂದಿದ್ದ ಮಾತು ಬಾಗಿಲಲ್ಲೇ ಉದುರಿಹೋಯಿತು, ಯಾಕೆಂದರೆ ಸಂಪಾದಕ ನಗುತ್ತಿದ್ದ. ಗೋಡೆಯ ಪಕ್ಕ ಬೀಗದಕ್ಕ ನಿಂತಿದ್ದಳು, ಮೇಜಿನ ಮೇಲೆ ಅವಳ ಕೀಲಿಗೊಂಚಲು ಬಿದ್ದುಕೊಂಡಿತ್ತು. ಸೊಂಟದಲ್ಲಿ ಅದಿಲ್ಲದೆ ಅವಳು ಯಾರದೋ ಮನೆಗೆ ಬಂದು ಕೂರಲು ಹೇಳಿಸಿಕೊಳ್ಳದ ಹೆಂಗಸಿನಂತೆ ಕಾಣುತ್ತಿದ್ದಳು.

“ಬನ್ನಿ ಸರ್, ನಿಮ್ಮ ತಲೆನೋವು ನಾವೇ ಕಮ್ಮಿ ಮಾಡಿದೀವಿ,” ಎಂದ ಸಂಪಾದಕ. “ಅಕ್ಕ ಒಪ್ಕೊಂಡು ಬರೆದುಕೊಟ್ಟಿದ್ದಾರೆ. ಕೈತಪ್ಪಿ ಬಿದ್ದಿರಬಹುದು ಅಂತ. ಒಪ್ಕೊಂಡ ಮೇಲೆ ಎರಡನೇ ಪತ್ರ ಬೇಡ ಅಂದ್ಕೊಂಡೆ. ಸ್ಟೋರು ಬೇರೆಯವರು ನೋಡ್ಕೊತಾರೆ, ಇವರು ಕೆಳಗೆ ಕಾಗದದ ಗೋದಾಮಿಗೆ. ಎಲ್ಲರಿಗೂ ಒಳ್ಳೇದಾಯ್ತು. ನಿಮ್ಮದೊಂದು ಹಾಳೆ ಕೊಟ್ಬಿಡಿ.”

ಒಂದು ಕ್ಷಣ ಅವನಿಗೆ ನಿಜವಾಗಿಯೂ ಹಾಯೆನಿಸಿತು. ನಾಚಿಕೆಗೆಟ್ಟ ಹಾಯಿ, ಬೆನ್ನುಮೂಳೆಯ ಉದ್ದಕ್ಕೂ ಇಳಿಯಿತು. ಯಾರ ಕೆಲಸವೂ ಹೋಗಲಿಲ್ಲ, ಗೋದಾಮೇನು ಕೆಟ್ಟ ಜಾಗವಲ್ಲ. ನಾಳೆ ಗುಟ್ಟಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋದರಾಯಿತು. ಹಾಳೆ ಹಿಡಿದ ಕೈ ಅರ್ಧ ಮುಂದೆ ಹೋಯಿತು ಕೂಡ. ಆದರೆ ಅದೇ ಕೈ ನಿಂತಿತು, ಬಾಯಿ ಬೇರೇನೋ ಕೇಳಿತು. “ಏನಮ್ಮಾ, ಬಿತ್ತಾ ಅದು?”

ಬೀಗದಕ್ಕ ಸಂಪಾದಕನ ಕಡೆ ನೋಡಿ, ಆಮೇಲೆ ನೆಲ ನೋಡಿದಳು. “ನೆನಪಿಲ್ಲ ಸಾರ್. ಶನಿವಾರ ಭಾನುವಾರ ಅದೇ ಯೋಚನೆ ಮಾಡಿದೆ. ಕಪಾಟು ತೆಗೆದದ್ದು, ಇಟ್ಟದ್ದು, ಬೀಗ ಹಾಕಿದ್ದು, ಎಲ್ಲ ನೆನಪಿದೆ. ಬಿದ್ದದ್ದೊಂದೇ ನೆನಪಿಲ್ಲ. ಆದ್ರೂ ಬಿದ್ದೇ ಇರಬೇಕು. ನಿಮ್ಮ ಕಣ್ಣಿಗೆ ಕಂಡಮೇಲೆ ನನ್ನ ನೆನಪು ಯಾವ ಮೂಲೆಗೆ?”

ಅವನು ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟ. “ಕಿಂಡೀಲಿ ನೋಡಿ. ಆ ಕಿಟಕಿ ಸರಳು ನೋಡಿ ಹೇಳಿ.” ಹನ್ನೊಂದು ವರ್ಷ ನೂರಾರು ಕ್ಯಾಮೆರಾ ಸುತ್ತಿಟ್ಟವಳು ಒಂದರೊಳಗೂ ಕಣ್ಣಿಟ್ಟವಳಲ್ಲ. ಹಿಡಿಯುವುದು ಹೇಗೆಂದು ತಿಳಿಯದೆ ಎರಡೂ ಕೈಯಲ್ಲಿ ತುಂಬಿದ ಲೋಟದಂತೆ ಹಿಡಿದು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದಳು. ಸಂಪಾದಕ ಗಡಿಯಾರ ನೋಡಿಕೊಂಡ.

“ಸೊಟ್ಟ ಇದೆ ಸಾರ್,” ಎಂದಳು.

ಅವನು ಅವಳ ಕೈಯಲ್ಲಿದ್ದ ಹಾಗೇ ಕ್ಯಾಮೆರಾವನ್ನು ತಲೆಕೆಳಗು ಮಾಡಿದ. “ಈಗ?”

ಈ ಸಲ ಅವಳು ಸರಿಯಾಗಿ ಕಣ್ಣಿಡಲೂ ಇಲ್ಲ. ಕ್ಯಾಮೆರಾ ಇಳಿಸಿ ಅವನ ಮುಖ ನೋಡಿದಳು, ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದೆ ಮೇಷ್ಟ್ರ ಮುಖದಲ್ಲಿ ಹುಡುಕುವವರ ಹಾಗೆ. “ಈಗಲೂ... ಸೊಟ್ಟವೇ ಅಲ್ವಾ ಸಾರ್?”

“ಯಾವ ಕಡೆ?”

“ನೀವು ಯಾವ ಕಡೆ ಹೇಳಿದ್ರೋ ಆ ಕಡೆ.”

ಅವನು ಕಿಟಕಿಯ ಹತ್ತಿರ ಹೋದ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಬಲಗೈ ಮುಂದೆ ಚಾಚಿ, ಒಂದು ಸರಳನ್ನು ತಡಕಿ ಹಿಡಿದು, ಅದು ತನಗೆ ಬಾಗಿ ಕಂಡ ಜಾಗದಲ್ಲಿ ಬೆರಳಿಟ್ಟ. ಬೆರಳಿಗೆ ಸರಳು ನೆಟ್ಟಗೇ ಹತ್ತಿತು. “ಇಲ್ಲಿ ಸೊಟ್ಟ,” ಎಂದ. ದನಿ ಅವನಿಗೇ ಅಪರಿಚಿತವಾಗಿತ್ತು. “ಕ್ಯಾಮೆರಾ ಇಲ್ಲದೇನೂ ಸೊಟ್ಟ. ನನಗೆ ಮಾತ್ರ. ಒಂದು ತಿಂಗಳಿಂದ ಹೀಗಿದೆ. ಕ್ಯಾಮೆರಾ ಬಿದ್ದಿಲ್ಲ, ಅದಕ್ಕೇನೂ ಆಗಿಲ್ಲ. ಬುಧವಾರ ನೆಟ್ಟಗಿತ್ತು ಅಂದದ್ದು ಸುಳ್ಳು, ಬುಧವಾರ ನಾನು ನೋಡೇ ಇರಲಿಲ್ಲ. ನನ್ನ ಬಲಗಣ್ಣು ಕೆಟ್ಟಿದೆ.”

ಸಂಪಾದಕ ತನ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ, ಮತ್ತೆ ಹಾಕಿಕೊಂಡ. “ಕೂತ್ಕೊಳ್ಳಿ ಸರ್,” ಎಂದ. ಕೂತ್ಕೊಳ್ಳಿ ಸರ್ ಎಂದು ಅವನು ಎಷ್ಟೋ ಸಲ ಅಂದಿದ್ದ, ಇವತ್ತಿನದು ಆಸ್ಪತ್ರೆಯಲ್ಲಿ ಅನ್ನುವಂಥದ್ದು. ಕುರ್ಚಿ ಎಳೆದು ಕೊಟ್ಟ. ಅದರ ಬೆನ್ನು ಎಲ್ಲಿದೆಯೆಂದು ಕೈ ಹಿಡಿದು ತೋರಿಸಲೂ ಬಂದ. ಅವನು ಕೂರಲಿಲ್ಲ.

ಬೀಗದಕ್ಕ ಕ್ಯಾಮೆರಾವನ್ನು ಮತ್ತೆ ಎತ್ತಿ, ಯಾರೂ ಹೇಳದೆಯೇ ಕಿಂಡಿಗೆ ಕಣ್ಣಿಟ್ಟು ಕಿಟಕಿ ನೋಡಿದಳು. ತಾನೇ ತಲೆಕೆಳಗು ಮಾಡಿ ನೋಡಿದಳು. “ನೆಟ್ಟಗಿದೆ,” ಎಂದಳು. “ಆಗಲೂ ನೆಟ್ಟಗೇ ಕಂಡಿತ್ತು ಸಾರ್ ನನಗೆ.” ಉಸಿರು ಎಳೆದುಕೊಂಡಳು. “ಹನ್ನೊಂದು ವರ್ಷದಿಂದ ನೋಡ್ತಿದೀನಿ. ಒಂದೊಂದು ಕ್ಯಾಮೆರಾನೂ ನೀವು ಹೀಗೆ ತಲೆಕೆಳಗು ಮಾಡಿ ನೋಡದೆ ಮಾತಾಡಿದವರಲ್ಲ. ಸ್ಟೋರಿನ ಕಿಟಕಿ ಹತ್ರ ನಿಂತ್ಕೊಂಡೇ ತಿರುಗಿಸ್ತಿದ್ರಿ. ಇದೊಂದನ್ನ ಯಾಕೆ ಸಾರ್ ತಿರುಗಿಸಿ ನೋಡಲಿಲ್ಲ?”

ಅವನು ಎರಡೂ ಕಣ್ಣು ತೆರೆದು ಅವಳ ಕಡೆ ತಿರುಗಿದ. ಎಷ್ಟೋ ದಿನದ ಮೇಲೆ ಒಬ್ಬರ ಮುಖವನ್ನು ನೇರ ನೋಡಿದ್ದು. ಸಂಪಾದಕನ ಎದುರು ಹೇಳಲು ಬೇರೆ ಉತ್ತರಗಳಿದ್ದವು. ಕೆಲಸದ ಒತ್ತಡ, ಮರೆವು, ಗಾಬರಿ. ಕಣ್ಣಿನ ಮೇಲೆ ಹಾಕಿದರೂ ಈಗ ಎಲ್ಲರೂ ನಂಬುತ್ತಿದ್ದರು.

“ಗುರುವಾರ ಟೀ ಚೆಲ್ಲಿದೆನಲ್ಲ,” ಎಂದ. “ಅದನ್ನ ನೀವು ನೋಡಿದ್ರಿ. ಅದಕ್ಕೆ.”

ಸಂಪಾದಕನಿಗೆ ಅರ್ಥವಾಗಲಿಲ್ಲ. ಯಾವ ಟೀ ಸರ್, ಎಂದ. ಬೀಗದಕ್ಕ ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತೋ ಏನಿತ್ತೋ ಅವನಿಗೆ ಓದಲಾಗಲಿಲ್ಲ. ಅವಳ ಮುಖದ ನಡುಭಾಗ ನೀರೊಳಗಿರುವಂತೆ ಅಲುಗುತ್ತಿತ್ತು. ಅವಳು ಮೇಜಿನ ಮೇಲಿಂದ ತಾನು ಬರೆದುಕೊಟ್ಟ ಕಾಗದವನ್ನು ತೆಗೆದುಕೊಂಡು ನಾಲ್ಕಾಗಿ ಮಡಿಸಿದಳು. ಕೀಲಿಗೊಂಚಲನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಝಣ್ ಎಂದಿತು. ಹಳದಿ ಬಟ್ಟೆ ಹರವಿ ಕ್ಯಾಮೆರಾವನ್ನು ಒಂದೇ ಸಲಕ್ಕೆ ಸುತ್ತಿದಳು. ಆಮೇಲೆ ಕಂಕುಳಲ್ಲಿದ್ದ ರಿಜಿಸ್ಟರು ತೆಗೆದು, ಇವತ್ತಿನ ಪುಟ ಬಿಡಿಸಿ ಅವನ ಮುಂದಿಟ್ಟು, “ವಾಪಸು ಬಂತು ಅಂತ ಸಹಿ ಹಾಕಿ ಸಾರ್,” ಎಂದಳು.

ಪುಟದ ಗೆರೆಗಳು ನಡುವಲ್ಲಿ ಒಂದಕ್ಕೊಂದು ಸೇರಿಕೊಂಡಿದ್ದವು. ಅವನು ಲೇಖನಿ ಹಿಡಿದು ತಡೆದ. ಅವಳು ಒಂದು ಬೆರಳನ್ನು ಪುಟದ ಮೇಲಿಟ್ಟು, “ಈ ಕಡೆ,” ಎಂದಳು. ಅವನು ಆ ಬೆರಳಿನ ಪಕ್ಕದಲ್ಲಿ ಸಹಿ ಹಾಕಿದ.